ಆರು ಹೊಡೆದ ತಕ್ಷಣ ಕುಕ್ಕರ್

2023ರ ಜನವರಿ 23, ಸೋಮವಾರ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸಂಜೆ ಐದಕ್ಕೇ ಕತ್ತಲು. ನಾವು ಮೂವರೂ ಒಂದೇ ಒಂದು ದೀಪ ಹಾಕಿಕೊಂಡು, ಕಂಬಳಿ ಹೊದ್ದು ಕೂತಿದ್ದೆವು. ಊರಿಂದ ವಿಡಿಯೋ ಕಾಲ್ ಮಾಡಿದ ಅಮ್ಮ, "ಅಲ್ಲೂ ಲೋಡ್ ಶೆಡ್ಡಿಂಗಾ?" ಅಂದರು.

ಕರೆಂಟ್ ಇತ್ತು. ಆರಿಸಿದ್ದು ನಾವೇ. ಐದರಿಂದ ಆರರವರೆಗೆ ಬಳಕೆ ಇಳಿಸಿದರೆ ದುಡ್ಡು ಕೊಡುತ್ತೇವೆ ಅಂತ ಮೊದಲೇ ಮೆಸೇಜ್ ಬಂದಿತ್ತು. ಇಲ್ಲಿನ ಗ್ರಿಡ್‌ನವರು, ಅಂದರೆ ದೇಶದ ವಿದ್ಯುತ್ ಜಾಲ ನಡೆಸುವವರು, ಆ ಚಳಿಗಾಲ ತಂದ ಯೋಜನೆ ಅದು. ಅದಕ್ಕೂ ಮೊದಲು ಬರೀ ಪರೀಕ್ಷೆ ನಡೆದಿತ್ತು, ನಿಜವಾಗಿ ಬಳಸಿದ್ದು ಅವತ್ತೇ ಮೊದಲು. ಚಳಿಗಾಲ ಮುಗಿಯುವಷ್ಟರಲ್ಲಿ ಮನೆ, ಅಂಗಡಿ, ಆಫೀಸು ಅಂತ 16 ಲಕ್ಷ ಗ್ರಾಹಕರು ಸೇರಿದ್ದರು.

ಆರು ಹೊಡೆಯಿತು ನೋಡಿ. ಇಂಡಕ್ಷನ್ ಮೇಲೆ ಕುಕ್ಕರ್, ಆ ಕಡೆ ಕೆಟಲ್, ವಾಷಿಂಗ್ ಮೆಷಿನ್, ನೆನೆಸಿಟ್ಟ ಅಕ್ಕಿ ಉದ್ದಿಗೆ ಗ್ರೈಂಡರ್. ಅಡುಗೆಮನೆಯ ಮೀಟರ್ ಡಬ್ಬಿಯಲ್ಲಿ ಹಸಿರು ದೀಪ ಹೋಗಿ ಕೆಂಪಾಯಿತು. 150 ವ್ಯಾಟ್ ಇದ್ದದ್ದು 6 ಕಿಲೋವ್ಯಾಟ್ ದಾಟಿತು. ಉಳಿಸಿದ್ದೇನು ಬಂತು, ಸುಮ್ನೆ ಒಂದು ಗಂಟೆ ಮುಂದಕ್ಕೆ ತಳ್ಳಿದೆವು ಅಷ್ಟೇ. ನಮ್ಮಂಥವರೆಲ್ಲ ಆರಕ್ಕೇ ಕಾಯುತ್ತಿದ್ದರೆ?

ಗ್ರಿಡ್‌ಗೆ ಜಾಸ್ತಿ ಬಳಕೆಯದ್ದಷ್ಟೇ ಅಲ್ಲ, ದಿಢೀರ್ ಬದಲಾವಣೆಯದ್ದೂ ಭಯ. ಪ್ರತಿ ಕ್ಷಣ ಎಷ್ಟು ಬೇಕೋ ಅಷ್ಟೇ ಕರೆಂಟ್ ತಯಾರಾಗಬೇಕು. ತಾಳ ತಪ್ಪಿದರೆ 50 ಹರ್ಟ್ಸ್ ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ 50 ಸಲ ಮಿಡಿಯುವ ಲಯ, ಅಲ್ಲಾಡುತ್ತದೆ.

2020ರ ಏಪ್ರಿಲ್ 5 ನೆನಪಿದೆ ಅಲ್ವಾ? ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿದ್ದು? 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಅಂತ ಅಂದಾಜಿತ್ತು. ಇಳಿದದ್ದು ಸುಮಾರು 32 ಸಾವಿರ! ಭಾರತದ ಬೇಡಿಕೆ 1,17,000ದಿಂದ 85,000ದ ಹತ್ತಿರ ಬಂತು. ಕಾಪಾಡಿದ್ದು ಹೆಚ್ಚಾಗಿ ಜಲವಿದ್ಯುತ್. ಅಣೆಕಟ್ಟುಗಳ ಟರ್ಬೈನ್‌ಗಳನ್ನು 25 ನಿಮಿಷದಲ್ಲಿ 25 ಸಾವಿರದಿಂದ 8 ಸಾವಿರ ಮೆಗಾವ್ಯಾಟ್‌ಗೆ ಇಳಿಸಿ, ಮತ್ತೆ ಏರಿಸಿದರು. ಕಲ್ಲಿದ್ದಲ ಘಟಕಕ್ಕೆ ಆ ಚುರುಕು ಎಲ್ಲಿಂದ ಬರಬೇಕು? ಫ್ಯಾನು, ಫ್ರಿಜ್ಜು ಆರಿಸಬೇಡಿ ಅಂತ ಸರ್ಕಾರವೇ ಹೇಳಿತ್ತು. ನಮ್ಮಮ್ಮ ಮೇನ್ ಸ್ವಿಚ್ಚನ್ನೇ ಇಳಿಸಿದ್ದರಂತೆ. ನಾವು ಕಂಬಳಿ ಹೊದ್ದು ಕೂತಿದ್ದ ಸಂಜೆ ವಿಡಿಯೋ ಕಾಲ್‌ನಲ್ಲಿ ಹೆಮ್ಮೆಯಿಂದ ಹೇಳಿದರು.

ಎಲ್ಲರೂ ಒಟ್ಟಿಗೇ ಸ್ವಿಚ್ ಒತ್ತುವ ಈ ಒಗ್ಗಟ್ಟು ಮುರಿಯೋದಕ್ಕೆ ಬ್ರಿಟನ್ನಿನಲ್ಲಿ ಒಂದು ಕಾನೂನೇ ಇದೆ ಅಂತ ಗೊತ್ತಾಗಿದ್ದು ಕಾರಿನ ಚಾರ್ಜರ್ ಹಾಕಿಸಿದ ಮೇಲೆ. ನಮಗೆ ರಾತ್ರಿ ಹನ್ನೆರಡೂವರೆಯಿಂದ ಅಗ್ಗದ ಕರೆಂಟ್. ಮೊದಲ ರಾತ್ರಿ ಹನ್ನೆರಡೂವರೆ ಆದರೂ ಚಾರ್ಜ್ ಶುರುವಾಗಲಿಲ್ಲ. ಕೆಟ್ಟೇ ಹೋಯಿತು ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡಿದೆ. ಕೈಪಿಡಿ ತೆಗೆದು ನೋಡಿದರೆ, ಬೇಕಂತಲೇ ತಡ! 2022ರ ಜೂನ್ 30ರಿಂದ ಬಂದ ನಿಯಮದಂತೆ ಮನೆಗೆ ಮಾರುವ ಪ್ರತಿ ಹೊಸ ಚಾರ್ಜರೂ ಹತ್ತು ನಿಮಿಷದೊಳಗೆ ಯಾವಾಗಲೋ ಒಮ್ಮೆ, ಚೀಟಿ ಎತ್ತಿದ ಹಾಗೆ, ಶುರುವಾಗಬೇಕು. ಊರಿನ ಕಾರುಗಳೆಲ್ಲ ಒಂದೇ ಸೆಕೆಂಡಿಗೆ ಕರೆಂಟ್ ಎಳೆಯಬಾರದಲ್ಲ.

ಪಕ್ಕದ ಮನೆಯ ಚಾರ್ಜರ್ 12:33ಕ್ಕೆ ಮಿನುಗಿತು. ನಮ್ಮದು 12:38ಕ್ಕೆ ಟಕ್ ಅಂತು. ಅಷ್ಟು ಹೊತ್ತು ಚಳಿಯಲ್ಲಿ ನಿಂತೇ ಇದ್ದೆ.