‘ಆಕರ್ಷಕ ಸಂಬಳ’ ಅಂದರೆ ಎಷ್ಟು ಸರ್?

ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಆಫೀಸು ನೋಡಿಕೊಳ್ಳುವವನು ನಾನು. ಜನ ಬೇಕಾದಾಗ ಜಾಹೀರಾತು ಬರೆಯುವುದೂ ನನ್ನ ತಲೆಗೇ. ಎರಡು ವರ್ಷದ ಹಿಂದೆ ನಮ್ಮ ಅಕೌಂಟೆಂಟ್ ಗಲ್ಫಿಗೆ ಹೊರಟರು. ಹಳೇ ಫೈಲಿನಿಂದ ಒಂದು ಜಾಹೀರಾತು ತೆಗೆದು ಪೇಪರಿಗೂ ವಾಟ್ಸಾಪ್ ಗ್ರೂಪುಗಳಿಗೂ ಹಾಕಿದೆ: ‘ಪ್ರತಿಷ್ಠಿತ ಸಂಸ್ಥೆಗೆ ಅನುಭವಿ ಅಕೌಂಟೆಂಟ್ ಬೇಕಾಗಿದ್ದಾರೆ. ಟ್ಯಾಲಿ ಗೊತ್ತಿರಬೇಕು. ಆಕರ್ಷಕ ಸಂಬಳ.’ ಕೆಳಗೆ ಆಫೀಸಿಗೆಂದು ಹೊಸದಾಗಿ ತೆಗೆದ ಮೊಬೈಲ್ ನಂಬರ್.

ಫೋನು ಬಂದದ್ದೇ ಬಂದದ್ದು. ಎಲ್ಲರೂ ಕೇಳುವುದು ಎರಡೇ. ‘ಸಂಬಳ ಎಷ್ಟು ಸರ್?’ ಆಮೇಲೆ, ‘ಎಲ್ಲಿ ಬರುವುದು ಅದು? ಬಸ್ ಉಂಟಾ?’ ನಾನು ‘ಇಂಟರ್‌ವ್ಯೂಗೆ ಬನ್ನಿ, ಮಾತಾಡುವ’ ಅನ್ನುತ್ತಿದ್ದೆ. ಬಂದವರಲ್ಲಿ ಹೆಚ್ಚಿನವರು ವೋಚರ್ ಎಂಟ್ರಿ ಬಿಟ್ಟರೆ ಬೇರೆ ಮಾಡಿದವರಲ್ಲ. ಕೆಲಸ ಬಲ್ಲವರು ಇಬ್ಬರು ಬಂದಿದ್ದರು. ಸಂಬಳ ಕೇಳಿದ ಮೇಲೆ ‘ಮನೆಯಲ್ಲಿ ಕೇಳಿ ಹೇಳ್ತೇನೆ’ ಅಂತ ಎದ್ದು ಹೋದರು. ಇನ್ನೊಂದು ಕರೆ ನಮ್ಮದೇ ಗೋದಾಮಿನ ಹುಡುಗನದ್ದು! ನನ್ನ ಸ್ವರ ಗುರುತು ಸಿಕ್ಕಿದ್ದೇ ಕಟ್ ಮಾಡಿದ. ನಾನೂ ಗೊತ್ತಾಗದವನ ಹಾಗೆ ಸುಮ್ಮನಿದ್ದೆ.

ಒಂದು ತಿಂಗಳು ಹೀಗೇ ಹೋಯಿತು. ಜಿಎಸ್‌ಟಿ ರಿಟರ್ನ್ ತಡವಾಗಿ ಲೇಟ್ ಫೀ ಕಟ್ಟಿದ ದಿನ ನಾನು ಧನಿಗಳ ಹತ್ತಿರ ಹೋಗಿ, ‘ಸಂಬಳ ಎಷ್ಟೂಂತ ಬರೆದೇ ಹಾಕುವ’ ಅಂದೆ. ಅವರು ಒಪ್ಪಲಿಲ್ಲ. ಕಾರಣ ಹೊರಗಿನವರಲ್ಲ, ಒಳಗಿನವರು. ಎಂಟು ವರ್ಷದಿಂದ ಬಿಲ್ಲಿಂಗ್ ಮಾಡುವವರು ಅದನ್ನು ಓದಿದರೆ? ನಿಜ, ಓದಿದರೆ ಬೇಜಾರಾಗುವಷ್ಟೇ ಇತ್ತು ಅವರ ಸಂಬಳ. ನನ್ನ ಪ್ರಕಾರ ನಮ್ಮ ಕಡೆಯ ಜಾಹೀರಾತುಗಳಲ್ಲಿ ಸಂಬಳ ಕಾಣದೇ ಇರುವುದಕ್ಕೆ ಜಾಸ್ತಿ ಇದೇ ಕಾರಣ. ವಾರವಿಡೀ ಎಳೆದಾಡಿ, ಕೊನೆಗೆ ಬಿಲ್ಲಿಂಗಿನವರಿಗೆ ಎರಡು ಸಾವಿರ ಏರಿಸಿದ ಮೇಲೆಯೇ ಧನಿಗಳು ಹೂಂ ಅಂದರು.

ಈ ಸಲ ಬರೆಯಲು ಕೂರುವ ಮೊದಲು ಹಳೆಯ ಅಕೌಂಟೆಂಟಿಗೆ ದುಬೈಗೆ ಫೋನ್ ಮಾಡಿದೆ. ‘ನಿಮಗೆ ನಿಜವಾಗಿ ಕಷ್ಟ ಆಗ್ತಿದ್ದದ್ದು ಯಾವುದು ಮಾರಾಯ್ರೆ?’ ಅವರು ಟ್ಯಾಲಿಯ ಸುದ್ದಿಯೇ ಎತ್ತಲಿಲ್ಲ. ‘14ಕ್ಕೆ 2ಬಿ ಬರ್ತದೆ, 20ರೊಳಗೆ 3ಬಿ ಹಾಕಬೇಕು. ಆ ಆರು ದಿನ’ ಅಂದರು. 2ಬಿ ಅಂದರೆ ನಾವು ಖರೀದಿಗೆ ಕಟ್ಟಿದ ಜಿಎಸ್‌ಟಿಯ ಪಟ್ಟಿ, ಜಿಎಸ್‌ಟಿ ಪೋರ್ಟಲೇ ಕೊಡುವುದು; 3ಬಿ ಅಂದರೆ ನಾವು ಹಾಕುವ ತಿಂಗಳ ರಿಟರ್ನ್. ಅದನ್ನೇ ಬರೆದೆ:

‘ಬೈಕಂಪಾಡಿಯ ಗೇರುಬೀಜ ಫ್ಯಾಕ್ಟರಿಗೆ ಅಕೌಂಟೆಂಟ್ ಬೇಕು. ಆಫ್ರಿಕಾದಿಂದ ಬರುವ ಕಚ್ಚಾ ಬೀಜದ ಆಮದು ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, 20ರೊಳಗೆ 3ಬಿ ಹಾಕುವುದು ಮುಖ್ಯ ಕೆಲಸ. ತಿಂಗಳಲ್ಲಿ ಆ ಒಂದು ವಾರ ಸಂಜೆ ತಡವಾಗುತ್ತದೆ, ಉಳಿದಂತೆ 9ರಿಂದ 5.30. ಭಾನುವಾರ ರಜೆ. ಸಂಬಳ 24,000ದಿಂದ 28,000, ಪಿಎಫ್ ಉಂಟು. ಹೈವೇ ಬಸ್ ಸ್ಟಾಪಿನಿಂದ ಹತ್ತು ನಿಮಿಷ ನಡಿಗೆ.’

ಫ್ಯಾಕ್ಟರಿಯ ಹೆಸರನ್ನೂ ಹಾಕಿದೆ. ‘ಕ್ರಿಯಾಶೀಲ’, ‘ಉತ್ಸಾಹಿ’ ಎಲ್ಲ ತೆಗೆದೆ. ನಾನು ಉತ್ಸಾಹಿ ಅಲ್ಲ ಅಂತ ಫೋನ್ ಮಾಡದೆ ಕೂತವರು ಯಾರಾದರೂ ಇದ್ದಾರಾ?

ಬಂದದ್ದು ಒಂಬತ್ತೇ ಕರೆ. ಧನಿಗಳ ಮುಖ ಸಣ್ಣದಾಯಿತು. ಆದರೆ ಮುಲ್ಕಿಯಿಂದ ಒಬ್ಬರು ಮಾಡಿ, ಸಂಬಳದ ಸುದ್ದಿ ಎತ್ತದೆ, ‘ಆಮದಿನ ಎಂಟ್ರಿ 2ಬಿಯಲ್ಲಿ ಬಾರದಿದ್ದರೆ ನಿಮ್ಮಲ್ಲಿ ಏನು ಮಾಡ್ತೀರಿ?’ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವರೇ ಈಗ ನಮ್ಮ ಅಕೌಂಟೆಂಟ್.

ಮೊನ್ನೆ ಊಟದ ಹೊತ್ತಿಗೆ ಮಾತು ಬಂತು. ನಮ್ಮ ಮೊದಲಿನ ಜಾಹೀರಾತನ್ನೂ ಅವರು ನೋಡಿದ್ದರಂತೆ. ಆಗ ಹಂಪನಕಟ್ಟೆಯ ಒಂದು ಆಡಿಟ್ ಆಫೀಸಿನಲ್ಲಿದ್ದರು. ‘ಪ್ರತಿಷ್ಠಿತ ಸಂಸ್ಥೆ ಅಂತ ಮಾತ್ರ ಇತ್ತಲ್ಲ ಸರ್, ನಮ್ಮ ಆಫೀಸಿನದ್ದೇ ಆಗಿದ್ದರೆ ಅಂತ ಹೆದರಿ ಫೋನ್ ಮಾಡಲಿಲ್ಲ.’

ಗೋದಾಮಿನ ಹುಡುಗನ ಕಥೆ ನಾನು ಅವರಿಗೆ ಹೇಳಿಲ್ಲ. ಅವನು ಈಗಲೂ ನಮ್ಮಲ್ಲೇ ಇದ್ದಾನೆ, ಪಾಪ.