ಬ್ರೌನ್ಸ್‌ಬರ್ಗ್ ಕಾಡಿನಲ್ಲಿ ಒಂದು ಬಿಲದ ಮುಂದೆ

ದಕ್ಷಿಣ ಅಮೆರಿಕದ ಸುರಿನಾಮಿನ ರಾಜಧಾನಿ ಪಾರಮಾರಿಬೊದಿಂದ ದಕ್ಷಿಣಕ್ಕೆ ಹೊರಟ ನಮ್ಮ ಜೀಪು ಕೆಂಪು ಮಣ್ಣಿನ ದಾರಿ ಹತ್ತಿ ಬ್ರೌನ್ಸ್‌ಬರ್ಗ್ ತಲುಪುವಾಗ ಸಂಜೆಯಾಗಿತ್ತು. ಸುಮಾರು 500 ಮೀಟರ್ ಎತ್ತರದ ಆ ಬೆಟ್ಟದ ಅಂಚಿನಿಂದ ಬ್ರೊಕೊಪೊಂಡೊ ಜಲಾಶಯ ಬಲು ಚೆಲುವಾಗಿ ಕಾಣುತ್ತದೆ. ಆದರೆ ನಾನು ಅಷ್ಟು ದೂರ ಹೋದದ್ದು ತೂಕದಲ್ಲಿ ಜಗತ್ತಿನ ಅತಿ ದೊಡ್ಡ ಜೇಡವೆನಿಸಿದ ಥೆರಾಫೋಸಾ ಬ್ಲಾಂಡಿಯನ್ನು ಅದರ ಬಿಲದ ಬಾಗಿಲಲ್ಲೇ ನೋಡಬೇಕೆಂಬ ಬಹುದಿನದ ಆಸೆಯಿಂದ.

ಕತ್ತಲಾದ ಮೇಲೆ ಕಾಡಿಗಿಳಿದೆವು. ಈ ಜೇಡಕ್ಕೆ ಎಂಟು ಕಣ್ಣುಗಳಿದ್ದರೂ ದೃಷ್ಟಿ ಮಂದ. ಕಾಲಿನ ರೋಮಗಳು ನೆಲದ ಕಂಪನವನ್ನು ಗ್ರಹಿಸಿ ತಿಳಿಸುವುದೇ ಅದರ ಲೋಕಜ್ಞಾನ. ಹಾಗಾಗಿ ಮೊದಲ ಎರಡು ಬಿಲಗಳ ಒಡತಿಯರು ನಮ್ಮ ಹೆಜ್ಜೆಯ ಸುಳಿವು ಹತ್ತಿದೊಡನೆ ಒಳಸರಿದುಬಿಟ್ಟರು. ಮೂರನೆಯ ಬಿಲ ಒಂದು ದೊಡ್ಡ ಮರದ ಬೇರಿನ ಸಂದಿಯಲ್ಲಿತ್ತು. ಅಲ್ಲಿ ದೀಪ ತಗ್ಗಿಸಿ, ಉಸಿರು ಹಿಡಿದವರಂತೆ, ಸುಮಾರು ಒಂದು ಗಂಟೆ ಕುಕ್ಕುರುಗಾಲಲ್ಲಿ ಕುಳಿತೆವು.

ಮೊದಲು ಕಾಣಿಸಿದ್ದು ಕಂದುಬಣ್ಣದ ಎರಡು ಮುಂಗಾಲುಗಳು. ಬಹಳ ಹೊತ್ತಿನ ನಂತರ ಉಳಿದ ದೇಹ. ಕಾಲು ಚಾಚಿದರೆ 28 ಸೆಂಟಿಮೀಟರಿನವರೆಗೂ ಹರಡಬಲ್ಲ, 170 ಗ್ರಾಂ ತೂಗಬಲ್ಲ ಜೀವಿಯಿದು ಎಂದು ಓದಿದ್ದೆನಾದರೂ, ಕಣ್ಣೆದುರು ಕಂಡಾಗ ನನಗೆ ಹೆಚ್ಚು ಬೆರಗೆನಿಸಿದ್ದು ಅದರ ಗಾತ್ರವಲ್ಲ, ನಿಶ್ಚಲತೆ. ಬಿಲದಿಂದ ಒಂದು ಗೇಣು ಹೊರಬಂದು ಅದು ನಿಂತೇಬಿಟ್ಟಿತು. ಬೇಟೆಯನ್ನು ಅರಸಿ ಅಲೆಯುವ ಅಭ್ಯಾಸ ಅದಕ್ಕಿಲ್ಲ. ಬಳಿ ಬಂದ ಎರೆಹುಳು, ಕೀಟ, ಕಪ್ಪೆ, ಕೆಲವೊಮ್ಮೆ ಸಣ್ಣ ಇಲಿಯನ್ನು ಒಮ್ಮೆಲೇ ಎರಗಿ ಹಿಡಿಯುತ್ತದೆ.

ಜೊತೆಯಲ್ಲಿದ್ದವರೊಬ್ಬರ ಕಾಲಡಿ ಕಡ್ಡಿ ಮುರಿಯಿತು. ಕೂಡಲೇ ಅದು ಮುಂಗಾಲೆತ್ತಿ, ಬುಸುಗುಟ್ಟುವಂಥ ಸದ್ದು ಹೊರಡಿಸಿತು. ಆ ಸದ್ದು ಬಾಯಿಯದಲ್ಲ, ಕಾಲಿನ ಬಿರುಗೂದಲುಗಳು ಒಂದಕ್ಕೊಂದು ಉಜ್ಜಿ ಹುಟ್ಟುವಂಥದ್ದು. ಮಾರ್ಗದರ್ಶಿ ನಮ್ಮನ್ನು ಹಿಂದಕ್ಕೆಳೆದರು. ಅದರ ವಿಷ ಮನುಷ್ಯರಿಗೆ ಪ್ರಾಣಾಂತಿಕವಲ್ಲ. ಹಿಂಗಾಲಿನಿಂದ ಹೊಟ್ಟೆಯನ್ನು ಕೆರೆದು ಗಾಳಿಗೆ ತೂರುವ ಸೂಕ್ಷ್ಮ ರೋಮಗಳೇ ಹೆಚ್ಚು ತೊಂದರೆ ಕೊಡುವವು, ಕಣ್ಣಿಗೆ ಬಿದ್ದರಂತೂ ಅಪಾಯ. ಇದೇ ರೋಮಗಳನ್ನು ತಾಯಿ ತನ್ನ ಮೊಟ್ಟೆಚೀಲದ ರೇಷ್ಮೆಯೊಳಗೂ ಸೇರಿಸಿ ನೇಯುತ್ತಾಳೆ. ಮೊಟ್ಟೆ ತಿನ್ನಲು ಬರುವ ನೊಣದ ಮರಿಹುಳುಗಳಿಗೆ ಅದು ಮುಳ್ಳುಬೇಲಿ. ನನ್ನ ಮಟ್ಟಿಗೆ ಈ ಜೇಡದ ಬದುಕಿನಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿಲ್ಲ.

ಇಷ್ಟಾದರೂ ಇದಕ್ಕೆ ಅಂಟಿರುವ ಹೆಸರು ಹಕ್ಕಿಭಕ್ಷಕ. ಇಲ್ಲಿನ ಡಚ್ ಮಾತಿನಲ್ಲೂ ಇಂಥ ಜೇಡಗಳೆಲ್ಲ 'ಫೋಗೆಲ್‌ಸ್ಪಿನ್', ಅಂದರೆ ಹಕ್ಕಿಜೇಡ. 1699ರಲ್ಲಿ ಸುರಿನಾಮಿಗೆ ಬಂದಿಳಿದ ಚಿತ್ರಕಾರ್ತಿ ಮರಿಯಾ ಸಿಬಿಲ್ಲಾ ಮೇರಿಯನ್, 1705ರ ತಮ್ಮ ಗ್ರಂಥದಲ್ಲಿ, ಸೀಬೆಕೊಂಬೆಯ ಮೇಲೆ ಝೇಂಕಾರದ ಹಕ್ಕಿಯನ್ನು ತಿನ್ನುತ್ತಿರುವ ಜೇಡವೊಂದನ್ನು ಚಿತ್ರಿಸಿದ್ದರು. ಆ ಚಿತ್ರದ ಜೇಡ ಮರವಾಸಿಯಾದ ಅವಿಕ್ಯುಲೇರಿಯಾ. ನೆಲದ ಬಿಲದಲ್ಲಿರುವ ನಮ್ಮ ದೈತ್ಯನಿಗೆ ಹಕ್ಕಿ ಸಿಗುವುದೇ ಅಪರೂಪ. ಮರುದಿನ ವಸತಿಗೃಹದ ಸೂರಿನಡಿ ಒಂದು ಅವಿಕ್ಯುಲೇರಿಯಾವನ್ನೂ ಕಂಡೆವು. ಮೈಯೆಲ್ಲ ಕಪ್ಪು, ಪಾದದ ತುದಿ ಮಾತ್ರ ನಸುಗುಲಾಬಿ. ಮರಿಗಳಲ್ಲಿ ಈ ಬಣ್ಣಗಳು ಅದಲುಬದಲಾಗಿರುತ್ತವೆ.

ಹೊರಡುವ ಮುನ್ನ ಮಳೆಯಲ್ಲೇ ಮತ್ತೆ ಆ ಬೇರಿನ ಬಳಿಗೆ ಹೋದೆ. ಮಾರ್ಗದರ್ಶಿ ಆರು ವರ್ಷಗಳಿಂದ ಆ ಬಿಲವನ್ನು ಬಲ್ಲವರು. ಪ್ರಾಯಕ್ಕೆ ಬಂದ ಗಂಡು ಹೆಚ್ಚು ಕಾಲ ಬದುಕುವುದಿಲ್ಲ, ಹೆಣ್ಣಾದರೆ 20 ವರ್ಷವೂ ಬಾಳಬಹುದು, ಆದ್ದರಿಂದ ಇಷ್ಟೂ ವರ್ಷ ಇವಳೇ ಒಡತಿಯಾಗಿರಬೇಕು ಎಂಬುದು ಅವರ ಎಣಿಕೆ. ಬಿಲದ ಬಾಯಲ್ಲಿ ಅವಳು ಎಂದೋ ಕಳಚಿ ಹೊರನೂಕಿದ ಹಳೆಯ ಪೊರೆಯಿತ್ತು. ಮಗುಚಿ ಮಲಗಿ, ಕೋರೆಹಲ್ಲಿನ ಕವಚದಿಂದ ಹಿಡಿದು ಜಠರದ ಒಳಪದರದವರೆಗೆ ಕಳಚಿಕೊಳ್ಳುವ ಆ ಹೊತ್ತಿನಲ್ಲಿ ಅವಳು ಪೂರ್ತಿ ನಿಸ್ಸಹಾಯಕಳು. ಪೊರೆಯ ಬೆನ್ನಿನ ಮೇಲೆ ಹನಿಗಳು ಜಾರುತ್ತಿದ್ದವು. ನಾನು ಅದನ್ನು ಮುಟ್ಟಲಿಲ್ಲ.