ಇತಿಹಾಸದ ತರಗತಿಗೆ ಬಿದ್ರಿ: ಬೀದರಿಗೆ ಹೊರಡುವ ಶಿಕ್ಷಕರಿಗೆ ಕೆಲವು ಮಾತು

ಬಹಮನಿ ಕಾಲದ ಪಾಠವನ್ನು ವಸ್ತುಗಳನ್ನು ಮುಂದಿಟ್ಟುಕೊಂಡು ಕಲಿಸಬೇಕೆನ್ನುವ ಶಿಕ್ಷಕರಿಗೂ, ಶಾಲೆಯ ವೇದಿಕೆಯ ಮೇಲೆ ಹಳೆಯ ಆಸ್ಥಾನದ ದೃಶ್ಯ ಕಟ್ಟುವವರಿಗೂ ಬೀದರಿನಷ್ಟು ಅನುಕೂಲವಾದ ಊರು ನಮ್ಮ ಭಾಗದಲ್ಲಿ ಇನ್ನೊಂದಿಲ್ಲ. ಬಿದ್ರಿಯನ್ನು, ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸಿದ ಹಳೆಯ ಮಾದರಿಯ ವಸ್ತುವನ್ನು, ಹಳೆಯ ಕ್ರಮದಲ್ಲೇ ಮಾಡುವ ಕುಶಲಕರ್ಮಿಗಳು ಇಲ್ಲಿದ್ದಾರೆ. ಆ ಕಲೆ ಬೆಳೆದ ಪರಿಸರವನ್ನು ತೋರಿಸುವ ಕೋಟೆಯೂ ಪಕ್ಕದಲ್ಲೇ ಇದೆ. ಕಲಬುರಗಿಯ ನಮ್ಮ ಪ್ರೌಢಶಾಲೆಗೆ ಬಿದ್ರಿ ಮಾದರಿಗಳನ್ನು ತರಲು ಹೋಗಿ ಬಂದ ಮೇಲೆ ನನಗೆ ಖಚಿತವಾದದ್ದೇನೆಂದರೆ, ಅಂಗಡಿಯ ಗಾಜಿನ ಕಪಾಟಿನಲ್ಲಿ ಹೊಳೆಯುವ ಹೂದಾನಿಗಿಂತ ಕೆಲಸದ ಮನೆಯಲ್ಲಿ ಅರ್ಧಕ್ಕೆ ನಿಂತ ತುಣುಕುಗಳೇ ತರಗತಿಗೆ ಹೆಚ್ಚು ಉಪಯುಕ್ತ.

ಪೇಟೆಗೆ ಹೋಗುವ ಮೊದಲು ಕೋಟೆಯನ್ನು ನೋಡಿಬಿಡಿ. ಅಲ್ಲಿಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿ ಬಿಡಿಸಿದ ಬಳ್ಳಿಗಳಿವೆ. ಕಪ್ಪು ನೆಲದ ಮೇಲೆ ಬೆಳ್ಳಗೆ ಹೊಳೆಯುವ ಆ ಕೆಲಸವನ್ನು ಒಮ್ಮೆ ಕಣ್ತುಂಬ ನೋಡಿದವರಿಗೆ ಬಿದ್ರಿಯ ವಿನ್ಯಾಸ ಯಾವ ಅಭಿರುಚಿಯದೆಂದು ಬೇರೆ ವಿವರಿಸಬೇಕಾಗುವುದಿಲ್ಲ. ಮಹಲಿಗೆ ಬೀಗ ಹಾಕಿರುವುದೂ ಉಂಟು. ಸಿಬ್ಬಂದಿಯನ್ನು ವಿಚಾರಿಸದೆ ಹಿಂದಿರುಗಬೇಡಿ. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಊರೊಳಗೇ ಇರುವುದರಿಂದ ಅದನ್ನು ಪೇಟೆಗೆ ಹೋಗುವಾಗ ನೋಡಿಕೊಳ್ಳಬಹುದು.

ಹಳೆಯ ಊರಿನ ನಡುವಿನ ಗೋಪುರವಾದ ಚೌಬಾರಾದ ಆಸುಪಾಸಿನಲ್ಲಿ ಬಿದ್ರಿಯ ಅಂಗಡಿಗಳು ಸಿಗುತ್ತವೆ. ಅಂಗಡಿಯವರನ್ನು ಕೇಳಿಕೊಂಡು ಕೆಲಸ ನಡೆಯುವ ಜಾಗಕ್ಕೇ ಹೋಗುವುದು ಮೇಲು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಕರಗಿಸಿ, ಹರಳೆಣ್ಣೆ ಮತ್ತು ರಾಳದಿಂದ ಹದಗೊಳಿಸಿದ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚಿನಿಂದ ಹೊರಬಂದಾಗ ವಸ್ತು ಒರಟಾಗಿ, ಬೂದು ಬಣ್ಣದಲ್ಲಿರುತ್ತದೆ. ಅರದಿಂದ ಉಜ್ಜಿ ನಯಗೊಳಿಸಿದ ಮೇಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರನ್ನು ಸವರುತ್ತಾರೆ, ಮೈ ಕಪ್ಪಗಾಗುತ್ತದೆ. ಇದೇ ಕೊನೆಯ ಬಣ್ಣವಿರಬೇಕೆಂದುಕೊಂಡು ನಾನು ಕೇಳಿದಾಗ, ಕೆತ್ತುತ್ತಿದ್ದ ಹಿರಿಯರು ತಲೆ ಎತ್ತದೆಯೇ, "ಇದು ಖರೇ ಕಪ್ಪಲ್ರಿ ಸರ್, ಗೆರಿ ಕಾಣ್ಲಿ ಅಂತ ಹಚ್ಚೀವಿ" ಎಂದರು. ಅವರ ಉಳಿ ಹೋದಲ್ಲೆಲ್ಲ ಕಪ್ಪು ಕಿತ್ತು ಬಿಳಿಯ ಗೆರೆ ಏಳುತ್ತಿತ್ತು. ಆ ಗೆರೆಯ ಒಳಗೆ ಬೆಳ್ಳಿಯ ತಂತಿಯನ್ನು ಒತ್ತಿ, ತುದಿಯನ್ನು ಅಲ್ಲೇ ಕತ್ತರಿಸಿ, ಚಿಕ್ಕ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಲೋಹವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ಬಂದು ವಿನ್ಯಾಸವೇ ಮರೆಯಾಗುತ್ತದೆ. ಕೊನೆಗೆ ವಸ್ತುವನ್ನು ಬಿಸಿ ಮಾಡಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಸೇರಿಸಿದ ಮಿಶ್ರಣವನ್ನು ತಿಕ್ಕಿದಾಗ ಸತುವಿನ ಮೈ ಮಾತ್ರ ಕಡುಗಪ್ಪಾಗಿ, ಬೆಳ್ಳಿ ಹಾಗೆಯೇ ಉಳಿಯುತ್ತದೆ.

ತರಗತಿಗೆ ಬೇಕಾದದ್ದು ಈ ಹಂತಗಳೇ. ಒಂದೇ ಅಳತೆಯ ಚಪ್ಪಟೆ ಬಿಲ್ಲೆಗಳನ್ನು ಆರಿಸಿಕೊಂಡು, ಒಂದನ್ನು ಅಚ್ಚಿನಿಂದ ತೆಗೆದಂತೆಯೇ, ಒಂದನ್ನು ಕೆತ್ತಿದ ಮೇಲೆ, ಒಂದನ್ನು ಬೆಳ್ಳಿ ಕೂರಿಸಿ ಉಜ್ಜಿದ ಮೇಲೆ, ಒಂದನ್ನು ಪೂರ್ತಿಯಾಗಿ ಕೊಡುವಂತೆ ಕೇಳಿ. ಅರ್ಧ ಕೆಲಸದ ವಸ್ತುವನ್ನು ಯಾರೂ ಕೇಳದ ಕಾರಣ ಅವರಿಗೆ ಮೊದಲು ವಿಚಿತ್ರವೆನಿಸುತ್ತದೆ. ಶಾಲೆಗೆಂದು ತಿಳಿದರೆ ಒಪ್ಪುತ್ತಾರೆ. ಮುಂಗಡವಾಗಿ ತಿಳಿಸಿ ಹೋದರೆ ಇನ್ನೂ ಒಳ್ಳೆಯದು. ಬೆಳ್ಳಿಯ ತಗಡು ಕೂರಿಸಿದ ತಹನಿಶಾನ್ ಕೆಲಸಕ್ಕಿಂತ ತಂತಿಯ ತಾರಕಶಿ ಕೆಲಸಕ್ಕೆ ಬೆಳ್ಳಿ ಕಡಿಮೆ ಹಿಡಿಯುವುದರಿಂದ ಶಾಲೆಯ ಹಣಕ್ಕೆ ಅದೇ ಹೊಂದುತ್ತದೆ.

ನಾಟಕ, ಮೆರವಣಿಗೆಗಳಿಗೆ ಕೊಳ್ಳುವವರು ಒಂದು ವಿಷಯವನ್ನು ಗಮನಿಸಬೇಕು. ಬಿದ್ರಿ ಎಂದೊಡನೆ ಹುಕ್ಕಾದ ಬುಡ ನೆನಪಾಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಹೆಸರಾದವೂ ಅವೇ. ಆದರೆ ತಂಬಾಕು ದಖ್ಖನಿಗೆ ಬಂದದ್ದು ಪೋರ್ಚುಗೀಸರ ಮೂಲಕ, ಗವಾನನ ಕಾಲ ಕಳೆದ ಮೇಲೆ. 1481ರಲ್ಲಿ ಕೊಲೆಯಾದ ಮಹಮೂದ್ ಗವಾನನ ಎದುರು ಹುಕ್ಕಾ ಇಟ್ಟರೆ, ನೋಡಲು ಎಷ್ಟೇ ಚೆಂದವಿದ್ದರೂ, ಅದು ಸುಳ್ಳು ಇತಿಹಾಸ. ಅದನ್ನು ಹದಿನೇಳನೆಯ ಶತಮಾನದ ದೃಶ್ಯಕ್ಕೆ ಇಟ್ಟುಕೊಳ್ಳಿ. ಗವಾನನ ದೃಶ್ಯಕ್ಕೆ ಮಣ್ಣಿನ ಹೂಜಿ, ಬಿದಿರಿನ ಲೇಖನಿ, ಮಸಿಕುಡಿಕೆ ಸಾಕು. ಅಡುಗೆಮನೆ ತೋರಿಸುವುದಾದರೆ ಒಣಮೆಣಸಿನಕಾಯಿಯ ರಾಶಿಗೂ ಇದೇ ಆಕ್ಷೇಪ ಅನ್ವಯಿಸುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ನಂಬಿಸುವುದು ಮಾತ್ರ ಕಷ್ಟ!

"ನೂರಾರು ವರ್ಷದ್ದು" ಎಂದು ಯಾರಾದರೂ ನಾಣ್ಯವನ್ನೋ ಪಾನ್‌ದಾನ್ ಅನ್ನೋ ತೋರಿಸಿದರೆ ಕೊಳ್ಳಬೇಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳು ಪ್ರಾಚ್ಯವಸ್ತುಗಳಾಗುತ್ತವೆ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ವಸ್ತು ಹಳೆಯದಾಗಿದ್ದರೆ ಕಾನೂನಿನ ತೊಡಕು, ಹೊಸದಾಗಿದ್ದರೆ ಮೋಸ. ಬಿಲ್ಲಿನಲ್ಲಿ "ಹೊಸದಾಗಿ ತಯಾರಿಸಿದ ಬಿದ್ರಿ" ಎಂದು ಬರೆಸಿಕೊಳ್ಳಿ, ಶಾಲೆಯಲ್ಲಿ ಇಡುವಾಗಲೂ ತಯಾರಾದ ವರ್ಷದ ಚೀಟಿ ಅಂಟಿಸಿ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆತಿದೆ. ಆದರೂ ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡುವುದೇ ಉತ್ತಮ ಪರೀಕ್ಷೆ: ನಿಜವಾದ ಬಿದ್ರಿ ಗಾತ್ರಕ್ಕೆ ತಕ್ಕ ಭಾರವಿರುತ್ತದೆ, ಬೆಳ್ಳಿಯ ಗೆರೆ ಉಗುರಿನಿಂದ ಕೆರೆದರೆ ಏಳುವುದಿಲ್ಲ.

ಕಲಬುರಗಿಯಿಂದ ಬೀದರಿಗೆ ಸುಮಾರು 110 ಕಿ.ಮೀ. ದೂರ. ಬಸ್ಸುಗಳಿವೆ, 2017ರಿಂದ ಹುಮನಾಬಾದ್ ಮಾರ್ಗದ ರೈಲೂ ಇದೆ. ಶುಕ್ರವಾರ ಹೋಗಬೇಡಿ, ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹಲವು ಕಡೆ ಕೆಲಸ ನಿಂತಿರುತ್ತದೆ. ತಂದ ತುಣುಕುಗಳನ್ನು ಬೇರೆ ಬೇರೆಯಾಗಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಕಪ್ಪು ಮಂಕಾದರೆ ತುಸು ಕೊಬ್ಬರಿ ಎಣ್ಣೆ ಸವರಿದರಾಯಿತು. ಹುಣಿಸೆಹಣ್ಣು, ನಿಂಬೆಹಣ್ಣು ತಾಗಿಸಬೇಡಿ, ಬಿದ್ರಿಯ ಬಟ್ಟಲಿನಲ್ಲಿ ಮಕ್ಕಳಿಗೆ ತಿಂಡಿ ಕೊಡಲೂ ಬೇಡಿ, ಏಕೆಂದರೆ ಹುಳಿಗೆ ಸತು ಬಿಡುತ್ತದೆ. ನವಸಾಗರ ಕಾದಾಗ ಏಳುವ ಹೊಗೆ ಗಂಟಲಿಗೆ ಕೆಟ್ಟದ್ದಾದ್ದರಿಂದ, ಕಪ್ಪಾಗಿಸುವ ಕೊನೆಯ ಹಂತವನ್ನು ತರಗತಿಯಲ್ಲಿ ಮಾಡಿ ತೋರಿಸಲು ಹೋಗದೆ, ಕುಶಲಕರ್ಮಿಗಳ ಅನುಮತಿ ಪಡೆದು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬನ್ನಿ.